ಇಕ್ ಬೆನ್, ಯೆಯ್ ಬೆಂತ್

ಆಗಸ್ಟ್ 28, ಗುರುವಾರ. ಕುಣಿಗಲ್ ಬಸ್ಸು

ಇವತ್ತೂ ಅದೇ ಪಾಠ. ಇಕ್ ಬೆನ್ — ನಾನಿದೀನಿ. ಯೆಯ್ ಬೆಂತ್ — ನೀನಿದೀಯ. ಝೆಯ್ ಇಸ್ — ಅವಳಿದಾಳೆ. 'ಇರು' ಅನ್ನೋ ಒಂದು ಪದಕ್ಕೆ ಇಷ್ಟು ವೇಷ, ಒಂದರ ಮುಖ ಇನ್ನೊಂದನ್ನ ಹೋಲಲ್ಲ. ಯಾವ ಪುಣ್ಯಾತ್ಮ ಮಾಡಿದ್ನೋ ಈ ಡಚ್ಚು. ಇಯರ್‌ಫೋನ್ ಹಾಕ್ಕೊಂಡು ಗೊಣಗ್ತಿದ್ರೆ ಪಕ್ಕದೋನು "ಮಂತ್ರಾನಾ ಸಾರ್?" ಅಂದ. ಹೂಂ ಅಂದೆ. ತಾಲ್ಲೂಕು ಆಫೀಸು ಬರೋವರೆಗೂ ಅವನು ಬಹಳ ಮರ್ಯಾದೆಯಿಂದ ಕೂತಿದ್ದ.

ಆಗಸ್ಟ್ 31, ಭಾನುವಾರ

ವಿಡಿಯೋ ಕಾಲ್. ತಂಗಿ ಮಗಳು ಲೊಟ್ಟ ಒಂದ್ ನಿಮಿಷ ಕೂತು ಓಡಿಹೋಯ್ತು. ಐದು ವರ್ಷದ ಕೂಸು, ಪಾಪ, ನನ್ನ ಮುಖ ನೋಡ್ಕೊಂಡು ಏನ್ ಮಾಡುತ್ತೆ. ಅವ್ವ ಈಗ್ಲೂ "ಲೋಟಮ್ಮಾ, ಲೋಟಮ್ಮಾ" ಅಂತ ಕೂಗ್ತಾಳೆ.

ತೇಜು ಇದ್ದಾಗ ಮಗಳ ಜೊತೆ ಕನ್ನಡಾನೇ ಆಡ್ತಿದ್ಲು. ತೇಜು ಹೋಗಿ ಈ ತಿಂಗಳಿಗೆ ವರ್ಷ ತುಂಬ್ತು. ಕನ್ನಡಾನೂ ಅವಳ ಹಿಂದೇನೇ ಹೋಯ್ತು. ಉಳಿದಿರೋದು 'ಅಮ್ಮ', 'ಮಾಮ' ಎರಡೇ. ನಾನು ಡಚ್ಚು ಕಲೀದೇ ಹೋದ್ರೆ ಮಾಮನೂ ಹೋಗ್ತಾನೆ. ನನ್ನ ತಂಗಿದು ಅಂತ ಇರೋದು ಅದೊಂದೇ ಕಣಪ್ಪ.

ಸೆಪ್ಟೆಂಬರ್ 14

ಅವ್ವಂಗೂ ಚಿಕ್ಕಪ್ಪಂಗೂ ಫೋನಲ್ಲೇ ಜಗಳ. ಮಾಲಯ ಅಮಾವಾಸ್ಯೆಗೆ ತೇಜು ಹೆಸರಲ್ಲೂ ಎಡೆ ಇಡ್ಬೇಕು ಅಂತ ಅವ್ವ. "ಅತ್ಗೆ, ತೇಜು ಕೊಟ್ಟ ಹೆಣ್ಣು, ಅವಳ ಎಡೆ ಗಂಡನ ಮನೇದು" ಅಂತ ರಾಮಾಂಜಿನಯ್ಯ ಚಿಕ್ಕಪ್ಪ. "ಆ ಡಚ್ಚು ಅಳಿಯ ಯೂಸ್ತ್ ಇಡ್ತಾನಾ ಎಡೆಯ? ನನ್ ಮಗಳು ಉಪವಾಸ ಇರ್ಬೇಕಾ?" ಅಂದ್ಲು ಅವ್ವ. ಚಿಕ್ಕಪ್ಪ "ಬುಡು, ಇಡಾನ" ಅಂದ.

ಸೆಪ್ಟೆಂಬರ್ 21, ಅಮಾವಾಸ್ಯೆ. ಗುಬ್ಬಿ

ಗೋಡೆ ಹಲಗೆ ತುಂಬ ಅಪ್ಪ, ತಾತ, ಅಜ್ಜಿಯರು. ತೇಜು ಫೋಟೋಗೆ ಜಾಗ ಇಲ್ಲ. ಕುರ್ಚಿ ಮೇಲಿಟ್ವಿ. ಮುತ್ತೈದೆಯಾಗಿ ಹೋದೋಳು ಅಂತ ಹಸಿರು ಬಳೆ, ಕುಂಕುಮ, ಹೊಸ ರೇಷ್ಮೆ ಸೀರೆ, ಕುರ್ಚಿ ಸುತ್ತ ಚೆಂಡುಹೂವಿನ ಹಾರ. ಮುಂದೆ ಬಾಳೆ ಎಲೆ — ವಡೆ, ಹೋಳಿಗೆ, ಅವಳ ಪ್ರಾಣದ ಮೈಸೂರು ಪಾಕು. ದೀಪ.

ಅಷ್ಟರಲ್ಲಿ ಕಾಲ್ ಬಂತು. ಅವ್ವ "ತೋರ್ಸೋ, ಅವರಮ್ಮನ ಎಡೆ ಮಗು ನೋಡ್ಲಿ" ಅಂದ್ಲು. ಫೋನ್ ತಿರುಗ್ಸಿದೆ. ಲೊಟ್ಟ ಹತ್ರ ಬಂದು ಕಣ್ಣರಳಿಸಿ ಕೇಳ್ತು — "ಇಸ್ ಅಮ್ಮ ದಾರ್?"

ಅರ್ಥ ಆಯ್ತು! ಅಮ್ಮ ಅಲ್ಲಿದಾಳಾ! ಮೊದಲನೇ ಸಲ ಒಂದು ಪೂರಾ ವಾಕ್ಯ! ಫೋಟೋ ಬಗ್ಗೆ ಕೇಳ್ತಿದೆ ಅನ್ಕೊಂಡೆ. "ಯಾ! ಅಮ್ಮ ಇಸ್ ಹೀರ್!" ಅಂದೆ. ಹೌದು, ಅಮ್ಮ ಇಲ್ಲಿದಾಳೆ. ಮಗು ಚಪ್ಪಾಳೆ ಹೊಡೀತು, ಏನೋ ಹಾಡ್ತು. ಅವ್ವನೂ ಚಪ್ಪಾಳೆ ಹೊಡೆದ್ಲು. ವರ್ಷದ ಮೇಲೆ ಇವತ್ತು ಎದೆ ಹಗುರ.

ಸೆಪ್ಟೆಂಬರ್ 23

ಯೂಸ್ತ್ ಮೆಸೇಜು, ಇಂಗ್ಲಿಷಲ್ಲಿ. ಅವರಲ್ಲಿ ಹುಟ್ಟುಹಬ್ಬಕ್ಕೇ ಕುರ್ಚಿಗೆ ಹಾರ ಕಟ್ಟೋದಂತೆ. ಲೊಟ್ಟ ಹಾಡಿದ್ದು ಬರ್ತ್‌ಡೇ ಹಾಡು. ಅಮ್ಮ ಇಂಡಿಯಾದಲ್ಲಿ ಮಾಮನ ಮನೇಲಿದಾಳೆ, ಅವಳ ಬರ್ತ್‌ಡೇ ಅಂತ ಕೂಸು ಸ್ಕೂಲಲ್ಲೆಲ್ಲ ಸಾರಿದೆಯಂತೆ. ಶೂ ಹಾಕ್ಕೊಂಡು ಬ್ಯಾಗ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದೆಯಂತೆ, ಕರ್ಕೊಂಡೋಗು ಅಂತ. "ಸತ್ತಿದಾಳೆ ಅಂತ ಒಂದು ವರ್ಷ ಅವಳಿಗೆ ಹೇಳ್ಕೊಂಡು ಬಂದೆ. ಈಗ ನಾನೇ ಸುಳ್ಳ. ದಯವಿಟ್ಟು ಸದ್ಯಕ್ಕೆ ಕಾಲ್ ಬೇಡ."

ಥೂ ನನ್ ಬಾಯಿಗೆ.

ಅಕ್ಟೋಬರ್ 12

ಭಾನುವಾರ. ಕಾಲ್ ಇಲ್ಲ. ಅವ್ವಂಗೆ ನೆಟ್‌ವರ್ಕ್ ಸರಿ ಇಲ್ಲ ಅಂದಿದೀನಿ. "ನಿಮ್ಮ ನೆಟ್‌ವರ್ಕ್‌ಗೆ ಬೆಂಕಿ ಹಾಕ" ಅಂದ್ಲು.

'ವಾಸ್' ಕಲಿತಿದೀನಿ. ಇದ್ದೆ, ಇದ್ಲು, ಇತ್ತು, ಎಲ್ಲಕ್ಕೂ ವಾಸ್. ಬಹುವಚನ ವಾರೆನ್. ಬೆನ್, ಬೆಂತ್‌ಗಿಂತ ಸುಲಭ. ಅಮ್ಮ ವಾಸ್... ಮೊನ್ನೆ ಬಸ್ಸಲ್ಲಿ ಅಷ್ಟಕ್ಕೇ ಇಯರ್‌ಫೋನ್ ಕಿತ್ತೆ. ಕ್ಯಾತ್ಸಂದ್ರದಲ್ಲಿ ಇಳಿದು ಮುಖ ತೊಳ್ಕೊಂಡು ಮನೆಗೆ ಹೋದೆ.

ಅಕ್ಟೋಬರ್ 21

ದೀಪಾವಳಿ. ಯಾರಿಗೂ ಬೇಕಿರ್ಲಿಲ್ಲ.

ನವೆಂಬರ್ 1

ಯೂಸ್ತ್: "ನಾಳೆ ಕಾಲ್ ಮಾಡು. ನಾನು ಹೇಳಿದ್ರೆ ನಂಬ್ತಿಲ್ಲ, 'ಮಾಮ ಹೇಳಿದಾನೆ' ಅಂತಾಳೆ. ನೀನೇ ಹೇಳ್ಬೇಕು. ಅವಳ ಭಾಷೇಲೇ ಹೇಳು."

ಹೇಳ್ಬೇಕಾದ್ದು ಮೂರೇ ಪದ. ಅಮ್ಮ ಇಸ್ ದೋತ್. ಅಮ್ಮ ಸತ್ತಿದಾಳೆ. ಹೆಂಡತಿ ಸುಮನಾ ಮುಂದೆ ಕೂತು ಮಗು ಥರ ನಟಿಸಿದ್ಲು, ಪ್ರಾಕ್ಟೀಸ್‌ಗೆ. ಎರಡನೇ ಪದಕ್ಕೇ ನಿಂತೋದೆ. "ಕನ್ನಡದಲ್ಲಾದ್ರೂ ಒಂದ್ಸಲ ಹೇಳ್ರೀ" ಅಂದ್ಲು. ಅದೂ ಆಗ್ಲಿಲ್ಲ. ಒಂದು ವರ್ಷದಿಂದ 'ತೇಜು ಹೋದ್ಲು' ಅಂತಾನೇ ಅಂದಿರೋದು, ಪೇಟೆಗೆ ಹೋದೋಳ ಥರ.

ನವೆಂಬರ್ 2, ಭಾನುವಾರ ಸಂಜೆ

ಆಯ್ತು. ಹೇಳಿದೆ.

ಅವ್ವ ಪಕ್ಕದಲ್ಲೇ ಕೂತಿದ್ಲು. ಏಳ್ಸೋಕಾಗ್ಲಿಲ್ಲ, ಇಷ್ಟು ದಿನದ ಮೇಲೆ ಮಗು ಕಾಣ್ತಿದೆ. ಡಚ್ಚು ಅವಳಿಗೆ ಬರಲ್ಲ, ಅದೇ ಧೈರ್ಯ. ಲೊಟ್ಟಂಗೆ ಕೂದಲು ಕತ್ತರಿಸಿದಾರೆ. ಕುರ್ಚಿ ಮೇಲೆ ನೆಟ್ಟಗೆ ಕೂತಿತ್ತು, ಹಿಂದೆ ಯೂಸ್ತ್. "ಅಮ್ಮ ಇಸ್ ನೀತ್ ಹೀರ್" ಅಂದೆ. ಇಲ್ಲಿಲ್ಲ. ಆಮೇಲೆ ಕಣ್ಣು ಮುಚ್ಕೊಂಡು ಆ ಮೂರೂ ಪದ.

ಅಳಲಿಲ್ಲ. ಒದ್ದಾಡ್ಲಿಲ್ಲ. ನನ್ನನ್ನೇ ನೋಡಿ ಮೆಲ್ಲಗೆ ಅಂತು, "ಯೆಯ್ ಝೆಯ್ ಯಾ."

ಯೂಸ್ತ್ ಮುಖ ತಿರುಗಿಸ್ದ. ಅವನು ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ. ಇಲ್ಲಿ ಝೆಯ್ ಅಂದ್ರೆ 'ಅವಳು' ಅಲ್ಲ, 'ಅಂದೆ'. ನೀನು ಹೌದು ಅಂದಿದ್ದೆ.

"ಏನಂತೋ ಮಗು?" ಅವ್ವ ನನ್ನ ತೋಳು ಜಗ್ಗಿದ್ಲು. "ಏನಂತೆ ಕಣೋ? ಹೇಳೋ!"

ಊಟ ಆಯ್ತಾ ಅಂತ ಕೇಳ್ತಿದೆ ಅಂದೆ.

ಅವ್ವನ ಮುಖ ಅರಳ್ತು. ಫೋನ್ ಕಿತ್ಕೊಂಡು "ಆಯ್ತು ಕಣವ್ವ, ಆಯ್ತು! ನಿಂದಾಯ್ತಾ ನನ್ ಬಂಗಾರ? ಅಜ್ಜೀನ ಇನ್ನೂ ನೆನೆಸ್ಕೊಂತೀಯಾ?" ಅಂತ ಜೋರಾಗಿ ಕೇಳ್ತಾನೇ ಇದ್ಲು, ಕೇಳ್ತಾನೇ ಇದ್ಲು, ಆ ಕಡೆ ಮಗು ಅವಳ ಹಿಂದೆ ನನ್ನನ್ನ ಹುಡುಕ್ತಾ ಇತ್ತು. ನಾನು ಫೋನಿಗೆ ಕಾಣದ ಹಾಗೆ ಪಕ್ಕಕ್ಕೆ ಸರಿದೆ.