ಮಗ್ಗದ ಮರೆಯ ಹಾಡು

ದೊಡ್ಡಬಳ್ಳಾಪುರ
೯-೨-೨೦೨೫

ಪ್ರೀತಿಯ ಮಾನಸಾ,

ಹೊಸಕೋಟೆಯಲ್ಲಿ ನೀನೂ ರವಿಚಂದ್ರನೂ ಹೇಗಿದ್ದೀರಿ? ಬಿಸಿಲಿಗೆ ಹೋದರೆ ನಿನಗೆ ಈಗಲೂ ತಲೆನೋವು ಬರುತ್ತದೆಯೇ? ಅಮ್ಮನ ಮಾತು ತೆಗೆದರೆ ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀಯೆಂದು ಬರೆಯುತ್ತಿದ್ದೇನೆ. ನೀನೇ ಆರಿಸಿಕೊಂಡ ಮದುವೆಗೆ ಬಾರದೆ, ಅವಳು ಆ ದಿನವಿಡೀ ಮಗ್ಗ ನಡೆಸಿದಳೆಂಬ ನಿನ್ನ ಕೋಪ ನನಗೆ ಗೊತ್ತಿದೆ. ಆದರೆ ಇದೇ ತಿಂಗಳ ಇಪ್ಪತ್ತನಾಲ್ಕಕ್ಕೆ ಅಮ್ಮನ ಕತ್ತಿನ ಗಂಟಿಗೆ ಆಪರೇಷನ್. ಜೀವಕ್ಕೆ ಭಯವಿಲ್ಲವಂತೆ, ದನಿ ಮಾತ್ರ ಮೊದಲಿನಂತೆ ಉಳಿಯದಿರಬಹುದಂತೆ.

ಅದಕ್ಕೇ ಅವಳ ಸೋಬಾನೆ ಪದಗಳನ್ನು ಹಿಡಿದಿಡಲು ಹೊರಟೆ. ಮೊಬೈಲಿನಲ್ಲಿ ಬರೀ ಮಗ್ಗದ ಗದ್ದಲ. ಮಗ್ಗ ನಿಲ್ಲಿಸಿ ಹಾಡಿಸಿದರೆ ಎರಡನೇ ಸಾಲಿಗೇ ತಡವರಿಸಿ, 'ಮಗ್ಗ ನಿಂತ್ರೆ ಪದಾನೂ ನಿಂತೋಯ್ತದೆ ಕಣೆ, ಬೇಕಾದ್ರೆ ನೀನೇ ಹಾಡ್ಕೋ' ಎಂದು ಎದ್ದುಹೋದಳು. ಮದುವೆಮನೆಯಲ್ಲಿ ಹತ್ತು ಹೆಂಗಸರ ಜೊತೆ, ಮನೆಯಲ್ಲಿ ಮಗ್ಗದ ಜೊತೆ. ಒಬ್ಬಳೇ ಹಾಡಿ ಅವಳಿಗೆ ಅಭ್ಯಾಸವೇ ಇಲ್ಲ.

ರೈಲು ಹತ್ತಿ ಬೆಂಗಳೂರಿನ ಅಂಗಡಿಗೆ ಹೋದೆ. ಒಂದೇ ಸಲಕ್ಕೆ ಎಂಟು ಮೈಕು ಸಿಕ್ಕಿಸುವ ರೆಕಾರ್ಡರ್ ತೋರಿಸಿದರು. ನಮ್ಮದೇನು ವಾದ್ಯಗೋಷ್ಠಿಯೇ? ಒಂದು ಸದ್ದನ್ನು ಕೇಳಿಸಿಕೊಳ್ಳುತ್ತಲೇ ಇನ್ನೊಂದನ್ನು ಬೇರೆ ಟ್ರ್ಯಾಕಿನಲ್ಲಿ ಹಿಡಿಯುವಂತಿರಬೇಕು, ಬ್ಯಾಟರಿಯಲ್ಲೂ ನಡೆಯಬೇಕು ಎಂದೆ. ನಾಲ್ಕು ಟ್ರ್ಯಾಕಿನ ಪುಟ್ಟದೊಂದು ಸಿಕ್ಕಿತು.

ಮೊದಲ ಟ್ರ್ಯಾಕಿನಲ್ಲಿ ನಮ್ಮ ಮಗ್ಗವನ್ನಷ್ಟೇ ಹಿಡಿದೆ. ನಿನ್ನೆ ಮಧ್ಯಾಹ್ನ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತಾಗ ಅಮ್ಮನಿಗೆ ಹೆಡ್‌ಫೋನ್ ಹಾಕಿದೆ. 'ಕೋಲೆಬಸವನಿಗೆ ಸಿಂಗಾರ ಮಾಡ್ದಂಗೆ ಮಾಡ್ತೀಯಲ್ಲೇ' ಎಂದು ಗೊಣಗಿದವಳು, ಕಿವಿಯಲ್ಲಿ ಮಗ್ಗ ಶುರುವಾದದ್ದೇ ಕಣ್ಣು ಮುಚ್ಚಿ, ಮದುಮಗಳನ್ನು ಹಸೆಗೆ ಕರೆಯುವ ಪದ ಎತ್ತಿದಳು. ಅವಳಿಗೆ ಮಗ್ಗದ ಅಬ್ಬರ, ನನಗೂ ಎರಡನೇ ಟ್ರ್ಯಾಕಿಗೂ ಬರೀ ಅವಳ ದನಿ. ಮಾನಸಾ, ಹುಟ್ಟಿದಾಗಿನಿಂದ ಕೇಳಿದ ದನಿ ಅದು. ಆದರೂ ಸಾಲಿನ ಕೊನೆಯಲ್ಲಿ ಅವಳು ಎಳೆದುಕೊಳ್ಳುವ ಉಸಿರಿಗೂ ಒಂದು ರಾಗವಿದೆಯೆಂದು ನನಗೆ ತಿಳಿದಿರಲಿಲ್ಲ. ಗೋಡೆಗೆ ಒರಗಿ ಕೂತುಬಿಟ್ಟೆ. ಒಂದು ಸೊಲ್ಲು ಹಾಡಿ, ಅಷ್ಟೇ ಹೊತ್ತು ಸುಮ್ಮನಿರುತ್ತಾಳೆ. ಅವಳ ಹಿಂದೆಯೇ ಆ ಸೊಲ್ಲನ್ನು ತಿರುಗಿ ಹೇಳುತ್ತಿದ್ದವಳು ನೀನಲ್ಲವೇ? ಆ ಜಾಗವನ್ನು ಅವಳು ತುಂಬಲೂ ಇಲ್ಲ, ದಾಟಲೂ ಇಲ್ಲ.

ಮೂರನೇ ಟ್ರ್ಯಾಕನ್ನು ಖಾಲಿ ಬಿಟ್ಟಿದ್ದೇನೆ.

ರವಿಚಂದ್ರನಿಗೆ ನನ್ನ ನೆನಪು ಹೇಳು. ಇಬ್ಬರೂ ತಣ್ಣಗಿರಿ.

ನಿನ್ನ ಅಕ್ಕ,
ಪ್ರಮೋದಾ

ಮರೆತೆ: ಆ ಪದದಲ್ಲಿ ಮದುಮಗಳ ಹೆಸರು ಸೇರಿಸುವ ಜಾಗವಿದೆಯಲ್ಲ, ಅಲ್ಲಿ ಅಮ್ಮ ನಿನ್ನ ಹೆಸರು ಹಾಡಿದಳು. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂದುಕೊಂಡಿದ್ದಳು, ಪಾಪ. ತಡವರಿಸದೆ, ಎಷ್ಟೋ ಸಲ ಹಾಡಿದವಳ ಹಾಗೆ. ನಿನ್ನ ಮದುವೆಯ ದಿನವೂ ಮಗ್ಗ ನಡೆಯುತ್ತಲೇ ಇತ್ತು. ಇಪ್ಪತ್ತನಾಲ್ಕರೊಳಗೆ ಬಾ.