ಗೆರೆಯೊಳಗಿನ ಮನೆ

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಪರೀಕ್ಷೆ ಮುಗಿದ ಕೂಡಲೇ ಮನೆಗೆ ಬರಲೇ ಎಂದು ನೀನು ಕೇಳಿ ಎಷ್ಟೋ ದಿನವಾಯಿತು. ಉತ್ತರ ತಡವಾಯಿತು, ಬೇಸರಪಟ್ಟುಕೊಳ್ಳಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಫೋನು ಹಿಡಿದರೆ ಅಪ್ಪ ಬಂದು ಪಕ್ಕದಲ್ಲೇ ಕೂರುತ್ತಾರೆ.

ಅವರ ಕಾಲಿನ ಗಾಯ ಮಾಗಿದೆ. ಬೆರಳುಗಳು ಹೋದರೂ ಹಿಮ್ಮಡಿ ಉಳಿದದ್ದು ಪುಣ್ಯ ಎಂದರು ಡಾಕ್ಟರು. ಊರುಗೋಲು ಹಿಡಿದು ಮನೆಯೆಲ್ಲ ಓಡಾಡುತ್ತಾರೆ. ಹೊಸ ಸುದ್ದಿಯೆಂದರೆ, ಅವರು ಕೆಲಸ ಮಾಡುವ ಗೋದಾಮಿನಲ್ಲಿ ಜನ ನಡೆಯುವ ದಾರಿಗೆ ಎರಡೂ ಬದಿ ಹಳದಿ ಗೆರೆ ಎಳೆದಿರುತ್ತಾರಲ್ಲ, ಹಾಗೆಯೇ ನಮ್ಮ ಮನೆಯ ನೆಲದ ಮೇಲೂ ಟೇಪು ಅಂಟಿಸಿದ್ದಾರೆ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ. ಊರುಗೋಲಿಗೆ ಅಡ್ಡವಾಗಿ ಯಾರೂ ಸಾಮಾನು ಇಡಬಾರದು ಎಂದು ಶುರುವಾದದ್ದು. ನನಗೂ ಸರಿಯೆನ್ನಿಸಿ ಟೇಪು ಕತ್ತರಿಸಿ ಕೊಡುತ್ತಿದ್ದೆ.

"ಈ ವಯಸ್ಸಲ್ಲಿ ನನ್ನನ್ನ ರೈಲು ಮಾಡ್ಬಿಟ್ಟ ನೋಡು ನಿನ್ನ ಗಂಡ," ಎಂದು ಅಜ್ಜಿ ಕೂ ಎನ್ನುತ್ತ ಗೆರೆಗಳ ನಡುವೆ ನಡೆದು ನಗಿಸುತ್ತಿದ್ದರು. ಈಗ ಅವರೂ ನಗುವುದಿಲ್ಲ. ಮೊನ್ನೆ ಅವರ ಕನ್ನಡಕ ಜಾರಿ ಗೆರೆಯಾಚೆ ಬಿತ್ತು. ಎತ್ತಿಕೊಳ್ಳಲು ಕಾಲು ಹೊರಗಿಟ್ಟರು. ಅಪ್ಪ ಊರುಗೋಲನ್ನು ಅವರ ಹೆಬ್ಬೆರಳಿನ ಮುಂದೆಯೇ ನೆಲಕ್ಕೆ ಕುಟ್ಟಿದರು. ತಾಗಲಿಲ್ಲ. "ತಾಗಿದ್ರೆ ಗೊತ್ತಾಗ್ತಿತ್ತಮ್ಮ," ಎಂದರು, ಮಗುವಿಗೆ ಹೇಳುವ ಹಾಗೆ ಮೆಲ್ಲಗೆ. ಅಂದಿನಿಂದ ಅಜ್ಜಿ ಊಟವನ್ನೂ ಕೋಣೆಗೇ ತರಿಸಿಕೊಳ್ಳುತ್ತಾರೆ.

ಮೀಸೆ ಮಾಮ ಬಂದಿದ್ದರು. ಅಂದು ಅಪ್ಪನ ಕಾಲಿನ ಮೇಲೆ ಹರಿದ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವರು ಅವರೇ ಎಂಬುದು ನಿನಗೆ ಗೊತ್ತು. ಹಣ್ಣಿನ ಚೀಲ ಹಿಡಿದು ಬಾಗಿಲಲ್ಲೇ ನಿಂತು, "ಏನಪ್ಪಾ, ಗೋದಾಮನ್ನೇ ಮನೆಗೆ ಹೊತ್ಕೊಂಡು ಬಂದಿದ್ದೀಯ? ಹಾಜರಿ ಎಲ್ಲಿ ಹಾಕ್ಲಿ?" ಎಂದರು.

ಅಪ್ಪ ಮುಖ ಸಡಿಲಿಸಲಿಲ್ಲ. "ಗೆರೆ ಒಳಗೆ ಬಾ."

ಹೊರಡುವಾಗ ಮಾಮ ಮೆಟ್ಟಿಲ ಬಳಿ ನನಗೆ ಹೇಳಿದರು: "ಅವನು ಗೆರೆ ಒಳಗೇ ಇದ್ದ, ಅಕ್ಕಾ. ಮುಂದೆ ಪೆಟ್ಟಿಗೆ ಅಷ್ಟೆತ್ತರ ಪೇರಿಸಿದ್ರು, ನಂಗೆ ಕಾಣ್ಲಿಲ್ಲ. ನಾನೇ ಒಳಗೆ ತಿರುಗಿಸ್ಬಿಟ್ಟೆ."

ಸಂಜೆ ಅಪ್ಪನನ್ನು ಕೇಳಿದೆ. "ಗೆರೆ ಒಳಗಿದ್ದೂ ಹೀಗಾಯ್ತಲ್ಲ, ಮತ್ತೆ ಇದೆಲ್ಲ ಯಾಕೆ?"

ಊರುಗೋಲಿನ ತುದಿಯಿಂದ ಟೇಪಿನ ಅಂಚನ್ನು ಒತ್ತಿದರು. "ಅಲ್ಲಿ ಗೆರೆ ಇತ್ತು. ಕಂಬಿ ಇರ್ಲಿಲ್ಲ."

ನಾನು ಇದನ್ನು ದೊಡ್ಡದು ಮಾಡುತ್ತಿದ್ದೇನೆಯೇ? ಅವರು ಯಾರನ್ನೂ ಬೈದಿಲ್ಲ, ಯಾರ ಮೇಲೂ ಕೈ ಮಾಡಿಲ್ಲ. ನೋವು ತಿಂದ ಮನುಷ್ಯನ ಬಗ್ಗೆ ಹೀಗೆ ಬರೆಯುವುದು ಸರಿಯೇ ಎಂದು ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡಿದ್ದೇನೆ. ಆದರೆ ನಿನ್ನೆ ಅವರು ಆಸ್ಪತ್ರೆಗೆ ಹೋಗಿದ್ದಾಗ, ಅಜ್ಜಿಯೂ ಕೋಣೆಯಲ್ಲಿದ್ದು ನೋಡುವವರೇ ಇಲ್ಲದ ಮನೆಯಲ್ಲಿ, ನಾನು ಗೆರೆಯೊಳಗೇ ನಡೆಯುತ್ತಿದ್ದೆ. ಅರ್ಧ ದಾರಿಯಲ್ಲಿ ಅದು ನನ್ನ ಗಮನಕ್ಕೆ ಬಂತು. ಆದರೂ ಹೊರಗೆ ಕಾಲಿಡಲಾಗಲಿಲ್ಲ.

ನಿನ್ನನ್ನು ದಿನವೂ ನೆನೆಯುತ್ತಾರೆ. "ರಸ್ತೆ ತುಂಬ ಲಾರಿ, ಬಸ್ಸು. ಅವಳಿಗೇನು ಗೊತ್ತಾಗತ್ತೆ? ಬೇಗ ಬಂದ್ಬಿಡ್ಲಿ," ಎನ್ನುವಾಗ ಅವರ ಕಣ್ಣು ತುಂಬಿಕೊಳ್ಳುತ್ತದೆ. ಅದು ನಾಟಕವಲ್ಲ, ಪುಟ್ಟಿ.

ಚೆನ್ನಾಗಿ ಓದು. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಹೋದಲ್ಲೆಲ್ಲ ಒಳ್ಳೆಯದಾಗಲಿ, ನಿನ್ನ ಕಾಲಿಗೆ ಒಂದು ಮುಳ್ಳೂ ತಾಗದಿರಲಿ.

ನಿನ್ನ
ಅಮ್ಮ

ತಾ.ಕ.: ಪತ್ರ ಮಡಚುವಷ್ಟರಲ್ಲಿ ವೆಲ್ಡಿಂಗಿನವನು ಬಂದ. ಬಚ್ಚಲಿನಲ್ಲಿ ಅಪ್ಪ ಹಿಡಿದುಕೊಳ್ಳಲು ಕಂಬಿ ಇರಬೇಕು ಎಂದುಕೊಂಡೆ. ಅವನು ಅಳೆದದ್ದು ನಿನ್ನ ಕೋಣೆಯ ಕಿಟಕಿ, ಬಾಗಿಲು. "ಚಿಲಕ ಒಳಗಡೆ ತಾನೇ, ಸಾರ್?" ಎಂದು ಕೇಳಿದ. "ಹೊರಗಡೆ," ಎಂದರು ಅಪ್ಪ. ರಜಕ್ಕೆ ಚಿಕ್ಕಮ್ಮನ ಮನೆಗೆ ಹೋಗು. ಉತ್ತರವನ್ನು ನನ್ನ ಆಫೀಸಿಗೆ ಬರೆ. ಫೋನಿನಲ್ಲಿ ನಾನೇ ಬಾ ಎಂದು ಕರೆದರೂ ಬರಬೇಡ.