ಉಪ್ಪು ತಿಂದ ರಾಟೆ

೧೨-೪-೧೯೩೧, ಭಾನುವಾರ, ಮಧುಗಿರಿ

ರಾಟೆ ತಿರುಗುತ್ತಿಲ್ಲ. ನಾನು ಚಾಕರಿ ಮಾಡುವ ಬಂಗಲೆಯ ಇಂಗ್ಲಿಷ್ ದೊರೆ ಹೋದ ಸಲ ಮಂಗಳೂರಿನ ಅಳಿವೆಯಲ್ಲಿ, ಗರಿ ಕಟ್ಟಿದ ಹಗುರ ಗಾಳದಲ್ಲಿ ಮೀನು ಹಿಡಿದು ಬಂದಾಗ ಗಾಳದ ದಾರ ಸುತ್ತುವ ಈ ರಾಟೆಯನ್ನು ಜೋಪಾನ ಮಾಡೆಂದು ನನ್ನ ಕೈಗೆ ಕೊಟ್ಟಿದ್ದರು. ತೀರಿಹೋದ ಅವರ ತಮ್ಮನದು. ನಮ್ಮ ಕೆರೆಯ ಗಾಳದಂತೆಯೇ ಇದನ್ನೂ ಒರೆಸಿ, ಬಟ್ಟೆ ಸುತ್ತಿ ಇಟ್ಟೆ. ಇಂದು ಬಿಚ್ಚಿದರೆ ಬರೀ ಕಿಲುಬು, ತುಕ್ಕು.

“ಸಮುದ್ರದ್ದು ಉಪ್ಪುನೀರು ಕಣ್ರೀ! ತೊಳೀದೆ ಅಂಗೇ ಮಡಗ್ಬುಟ್ರಾ?” ಎಂದಳು ಹೆಂಡತಿ.

ಅಚ್ಚಿಗೆ ಸೀಮೆಎಣ್ಣೆ ಬಿಟ್ಟೆ, ನರಸಿಂಹಸ್ವಾಮಿಗೆ ಮುಡಿಪು ಕಟ್ಟಿದೆ. ಕದಲಲಿಲ್ಲ. ನಾಳೆ ನನ್ನನ್ನೂ ಕರೆದೊಯ್ದು ಸಮುದ್ರ ತೋರಿಸುತ್ತೇನೆ ಎಂದಿದ್ದರು ದೊರೆ. ಯಾವ ಮುಖ ಹೊತ್ತು ಎದುರು ನಿಲ್ಲಲಿ?

ದಾರವನ್ನಾದರೂ ಬಿಡಿಸೋಣವೆಂದು ಹಲ್ಲಿನಿಂದ ಎಳೆದೆ. ನಾಲಗೆಗೆ ಉಪ್ಪು ಹತ್ತಿತು. ನನ್ನ ಪಾಲಿನ ಸಮುದ್ರ ಇಷ್ಟೇ.